ಅಳತೆಗೋಲಿನ ಪ್ರಶ್ನೆ: ಲೋಕಸಭೆಯಲ್ಲಿ ಡಾ. ರಾಮಮನೋಹರ ಲೋಹಿಯಾ

ಪ್ರಜಾಸತ್ತೆಯಲ್ಲಿ ಆಡಳಿತ ನಡೆಸುವವರಿಗೆ ಎಷ್ಟು ಹೊಣೆಯಿದೆಯೋ, ಅವರನ್ನು ಪ್ರಶ್ನಿಸುವವರಿಗೂ ಅಷ್ಟೇ ಹೊಣೆಯಿದೆ. ಕಾನೂನು ಮಾಡುವ ಸಭೆಯಲ್ಲಿ ಬಹುಮತವಿಲ್ಲದ ಪಕ್ಷದ ಸದಸ್ಯನ ಕೈಯಲ್ಲಿ ಅಧಿಕಾರವಿರುವುದಿಲ್ಲ, ಖಜಾನೆ ಇರುವುದಿಲ್ಲ, ಮತಗಳ ಬಲವೂ ಇರುವುದಿಲ್ಲ. ಅವನಿಗಿರುವ ಆಯುಧ ಒಂದೇ, ಅದು ಪ್ರಶ್ನೆ. ಆ ಆಯುಧವನ್ನು ಹಿಡಿದು ಇಡೀ ದೇಶ ತನ್ನ ಬಡತನದ ಕಡೆಗೆ ತಿರುಗಿ ನೋಡುವಂತೆ ಮಾಡಿದವರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಅಗ್ರಗಣ್ಯರು. ಅವರು ಲೋಕಸಭೆಯ ಸದಸ್ಯರಾಗಿದ್ದುದು ನಾಲ್ಕು ವರ್ಷಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಆದರೆ ಆ ಅಲ್ಪಾವಧಿಯಲ್ಲಿ ಅವರು ಎತ್ತಿದ ಒಂದು ಪ್ರಶ್ನೆಯ ಮಹತ್ವ ಇಂದಿಗೂ ಕುಂದಿಲ್ಲ.

ಲೋಹಿಯಾ ಅವರು 1910ರ ಮಾರ್ಚ್ 23ರಂದು ಉತ್ತರ ಪ್ರದೇಶದ ಅಕ್ಬರ್‌ಪುರದಲ್ಲಿ ಜನಿಸಿದರು. ತಾಯಿಯ ಅಕ್ಕರೆ ಅವರಿಗೆ ಬಹುಕಾಲ ದೊರೆಯಲಿಲ್ಲ. ತಂದೆ ಹೀರಾಲಾಲರು ಗಾಂಧೀಜಿಯವರ ಅನುಯಾಯಿಗಳಾಗಿದ್ದುದರಿಂದ ಬಾಲಕನಿಗೆ ಎಳವೆಯಲ್ಲಿಯೇ ಸ್ವಾತಂತ್ರ್ಯ ಚಳವಳಿಯ ಗಾಳಿ ಸೋಕಿತು. ಮುಂಬಯಿ, ಕಾಶಿ, ಕಲ್ಕತ್ತೆಗಳಲ್ಲಿ ವ್ಯಾಸಂಗ ಮಾಡಿ, ಉನ್ನತ ಶಿಕ್ಷಣಕ್ಕಾಗಿ ಅವರು ಜರ್ಮನಿಯ ಬರ್ಲಿನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಡಾಕ್ಟರೇಟ್ ಪದವಿಗಾಗಿ ಅವರು ಆರಿಸಿಕೊಂಡ ವಿಷಯ ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹ. ಅರಮನೆಯಲ್ಲಿರುವವನೂ ಗುಡಿಸಲಿನಲ್ಲಿರುವವನೂ ತಿನ್ನುವ ಉಪ್ಪಿನ ಪ್ರಮಾಣ ಹೆಚ್ಚು ಕಡಮೆ ಒಂದೇ. ಆದುದರಿಂದ ಉಪ್ಪಿನ ತೆರಿಗೆ ನೋಡಲು ಸಮಾನವಾಗಿದ್ದರೂ ಬಡವನ ಹೆಗಲಿಗೇ ಭಾರವಾದುದು. ಸಮಾನವೆಂದು ತೋರುವ ಲೆಕ್ಕದೊಳಗೆ ಅಸಮಾನತೆ ಅಡಗಿರಬಹುದೆಂಬ ಈ ಅರಿವು ಅವರ ಮುಂದಿನ ಜೀವನಕ್ಕೆಲ್ಲ ತಳಹದಿಯಾಯಿತು.

ಯುರೋಪಿನಲ್ಲಿದ್ದಾಗಲೇ, 1930ರಲ್ಲಿ, ಜಿನೀವಾ ನಗರದ ರಾಷ್ಟ್ರಸಂಘದ ಸಭೆಗೆ ಅವರು ಪ್ರೇಕ್ಷಕರಾಗಿ ಹೋದರು. ಭಾರತದ ಪ್ರತಿನಿಧಿಯಾಗಿ ಬಿಕಾನೇರದ ಮಹಾರಾಜರು ಮಾತನಾಡುತ್ತಿದ್ದರು. ಪರಾಧೀನ ದೇಶದ ದುಃಖವನ್ನು ಬ್ರಿಟಿಷರ ಆಶ್ರಿತನಾದ ಅರಸ ಹೇಳಲಾರನೆಂದು ಭಾವಿಸಿದ ತರುಣ ಲೋಹಿಯಾ ಪ್ರೇಕ್ಷಕರ ಅಂಕಣದಿಂದಲೇ ಸಿಳ್ಳು ಹಾಕಿ ಪ್ರತಿಭಟಿಸಿ ಹೊರದೂಡಿಸಿಕೊಂಡರು. ಸಭೆಯೊಂದರಲ್ಲಿ ಬಡ ಭಾರತದ ಪರವಾಗಿ ಅವರ ದನಿ ಕೇಳಿಬಂದ ಮೊದಲ ಸಂದರ್ಭವಿದು. ಸದಸ್ಯನ ಪೀಠದಿಂದ ಅದೇ ದನಿ ಕೇಳಿಬರಲು ಇನ್ನೂ 33 ವರ್ಷ ಕಾಯಬೇಕಾಯಿತು.

ಆ ನಡುವಣ ಕಾಲ ತ್ಯಾಗದ ಮತ್ತು ಸೆರೆಮನೆಯ ಕಾಲ. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪಕರಲ್ಲಿ ಅವರೂ ಒಬ್ಬರಾದರು. 1936ರಲ್ಲಿ ಜವಾಹರಲಾಲ್ ನೆಹರೂ ಅವರ ಅಪೇಕ್ಷೆಯಂತೆ ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗದ ಕಾರ್ಯಭಾರ ವಹಿಸಿಕೊಂಡರು. 1942ರ ಚಳವಳಿಯಲ್ಲಿ ಭೂಗತರಾಗಿ ಗುಪ್ತ ರೇಡಿಯೋ ಪ್ರಸಾರದಲ್ಲಿ ಪಾಲ್ಗೊಂಡರು. 1944ರಲ್ಲಿ ಸೆರೆಸಿಕ್ಕಿ ಲಾಹೋರಿನ ಕೋಟೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು. ಬಿಡುಗಡೆಯಾದ ಕೆಲವೇ ವಾರಗಳಲ್ಲಿ, 1946ರ ಜೂನ್ 18ರಂದು, ಗೋವೆಯ ಮಡಗಾಂವಿನಲ್ಲಿ ಪೋರ್ಚುಗೀಸರ ನಿಷೇಧವನ್ನು ಮುರಿದು ಸಭೆ ನಡೆಸಿದರು.

ಸ್ವಾತಂತ್ರ್ಯಾನಂತರವೂ ಅವರ ಸೆರೆವಾಸ ಮುಗಿಯಲಿಲ್ಲ. ಕನ್ನಡನಾಡಿಗೂ ಅದರಲ್ಲಿ ಒಂದು ಪಾಲುಂಟು. 1951ರಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರ ರೈತರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವೇ ಅಲ್ಲಿ ವಿವಾದದ ಮೂಲ. ಒಡೆಯನು ಅಳೆದುಕೊಳ್ಳುವ ಕೊಳಗ ದೊಡ್ಡದಾದಷ್ಟೂ ಬೆವರು ಸುರಿಸಿದವನ ಕಣಜ ಬರಿದಾಗುತ್ತಿತ್ತು. ಆ ವರ್ಷದ ಜೂನ್ ತಿಂಗಳಲ್ಲಿ ಲೋಹಿಯಾ ಅವರು ಮಲೆನಾಡಿಗೆ ಬಂದು ರೈತರೊಡನೆ ನಿಂತು ಬಂಧನಕ್ಕೊಳಗಾದರು. ಆ ಹೋರಾಟದ ಕಾವಿನಲ್ಲಿ ಬೆಳೆದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿ, ಗೇಣಿದಾರರ ಅಳಲನ್ನು ಸಭೆಯ ಮುಂದಿಟ್ಟರು. ಕಾಗೋಡಿನ ಕೊಳಗ ಲೋಹಿಯಾ ಅವರಿಗೆ ಹೊಸ ಪಾಠವೇನಲ್ಲ. ಉಪ್ಪಿನ ತೆರಿಗೆಯಲ್ಲಿ ಕಂಡುದನ್ನೇ ಅವರು ಅಲ್ಲಿ ಕಣಜದ ಬಾಗಿಲಲ್ಲಿ ಕಂಡರು. ಅಳತೆಗೋಲು ಯಾರ ಕೈಯಲ್ಲಿದೆಯೆಂಬುದರ ಮೇಲೆ ನ್ಯಾಯ ನಿಂತಿರುತ್ತದೆ.

1962ರ ಮಹಾಚುನಾವಣೆಯಲ್ಲಿ ಲೋಹಿಯಾ ಅವರು ಫೂಲ್‌ಪುರದಲ್ಲಿ ಪ್ರಧಾನಿ ನೆಹರೂ ಅವರ ವಿರುದ್ಧವೇ ಸ್ಪರ್ಧಿಸಿ ಸೋತರು. ಮರುವರ್ಷ ಫರುಕಾಬಾದ್ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು 1963ರ ಆಗಸ್ಟ್ ತಿಂಗಳಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. ಅದೇ ಸಮಯದಲ್ಲಿ ಆಚಾರ್ಯ ಕೃಪಲಾನಿ ಮತ್ತು ಮೀನೂ ಮಸಾನಿ ಅವರೂ ಉಪಚುನಾವಣೆಗಳಲ್ಲಿ ಗೆದ್ದುಬಂದರು. ಚೀನಾ ಯುದ್ಧದ ಸೋಲಿನ ನೋವು ಇನ್ನೂ ಆರಿರಲಿಲ್ಲ. ಕೃಪಲಾನಿಯವರು ಸರಕಾರದ ಮೇಲೆ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು. ಲೋಕಸಭೆಯ ಇತಿಹಾಸದಲ್ಲಿ ಅದೇ ಮೊದಲ ಅವಿಶ್ವಾಸ ನಿರ್ಣಯ. ಅಂತಹ ನಿರ್ಣಯ ಚರ್ಚೆಗೆ ಬರಬೇಕಾದರೆ ಕನಿಷ್ಠ 50 ಸದಸ್ಯರ ಬೆಂಬಲ ಬೇಕು. ಚದುರಿಹೋಗಿದ್ದ ವಿರೋಧ ಪಕ್ಷಗಳಿಗೆ ಅಷ್ಟು ಸಂಖ್ಯೆಯನ್ನು ಕೂಡಿಸುವುದೇ ಅಂದು ದೊಡ್ಡ ಸಾಧನೆಯಾಗಿತ್ತು.

ಆಗಸ್ಟ್ 21ರಂದು ಲೋಹಿಯಾ ಅವರು ಮಾತನಾಡಲು ಎದ್ದುನಿಂತರು. ಇಂಗ್ಲಿಷ್ ಮತ್ತು ಜರ್ಮನ್ ಭಾಷೆಗಳನ್ನು ಬಲ್ಲ ಆ ವಿದ್ವಾಂಸರು ಮಾತನಾಡಿದುದು ಹಿಂದಿಯಲ್ಲಿ. ಎಲ್ಲರೂ ಗಡಿ, ಸೇನೆ, ವಿದೇಶಾಂಗ ನೀತಿಗಳ ಮಾತನ್ನು ನಿರೀಕ್ಷಿಸುತ್ತಿದ್ದಾಗ ಅವರು ಆಣೆಗಳ ಲೆಕ್ಕವನ್ನು ಸಭೆಯ ಮುಂದಿಟ್ಟರು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 60ರಷ್ಟು, ಎಂದರೆ 27 ಕೋಟಿ ಜನ, ದಿನವೊಂದಕ್ಕೆ ತಲಾ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆಂಬುದು ಅವರ ವಾದ. ಪ್ರಧಾನಿಯವರಿಗಾಗಿ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆಯೆಂಬ ಆರೋಪವನ್ನೂ ಅವರು ಅದರ ಜೊತೆಗೆ ಸೇರಿಸಿದರು.

ಸಭೆಯಲ್ಲಿ ಕೋಲಾಹಲವೆದ್ದಿತು. ನೆಹರೂ ಅವರು ಆ ಲೆಕ್ಕವನ್ನು ನಿರಾಕರಿಸಿ, ಯೋಜನಾ ಆಯೋಗದ ಅಂಕಿಗಳ ಪ್ರಕಾರ ತಲಾ ದೈನಂದಿನ ಆದಾಯ ಹದಿನೈದು ಆಣೆ ಎಂದು ತಿಳಿಸಿದರು. ಅವಿಶ್ವಾಸ ನಿರ್ಣಯ 62 ಮತಗಳಿಗೆ ವಿರುದ್ಧವಾಗಿ 347 ಮತಗಳಿಂದ ಬಿದ್ದುಹೋಯಿತು. ಸರಕಾರ ಉಳಿಯಿತು, ಆದರೆ ಆಣೆಗಳ ಪ್ರಶ್ನೆಯೂ ಉಳಿದುಕೊಂಡಿತು. ಸೆಪ್ಟೆಂಬರ್ ತಿಂಗಳಲ್ಲಿ ಅದೇ ವಿಷಯದ ಮೇಲೆ ಸಭೆ ಮತ್ತೆ ಚರ್ಚೆ ನಡೆಸಬೇಕಾಯಿತು. ಆಗ ಯೋಜನಾ ಖಾತೆಯ ಪರವಾಗಿ ಗುಲ್ಜಾರಿಲಾಲ್ ನಂದಾ ಅವರು, ಕೆಳಗಿನ ಶೇಕಡ 60 ಮಂದಿಯ ಪಾಲಿಗೆ ಬರುವುದು ಏಳೂವರೆ ಆಣೆ ಎಂಬ ಮೂರನೆಯ ಅಂಕಿಯನ್ನು ನೀಡಿದರು.

ಈ ಮೂರು ಅಂಕಿಗಳನ್ನು ಶಾಂತಚಿತ್ತದಿಂದ ಪರಿಶೀಲಿಸುವುದು ಉಚಿತ. ಹದಿನೈದು ಆಣೆಯೆಂಬುದು ಸರಾಸರಿ. ಗಿರಣಿಯ ಮಾಲೀಕನ ಆದಾಯವನ್ನೂ ಕೂಲಿಕಾರನ ಆದಾಯವನ್ನೂ ಒಟ್ಟುಗೂಡಿಸಿ ಇಡೀ ಜನಸಂಖ್ಯೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯದು. ಅಂಕಗಣಿತದ ದೃಷ್ಟಿಯಿಂದ ಅದು ತಪ್ಪಲ್ಲ, ಆದರೆ ಲೋಹಿಯಾ ಅವರ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಅವರು ಕೇಳಿದ್ದು ದೇಶದ ಸರಾಸರಿಯನ್ನಲ್ಲ, ಸರಾಸರಿಯ ನೆರಳಿನಲ್ಲಿ ಮರೆಯಾದವರ ಪಾಲನ್ನು. ಮೂರಾಣೆಯ ಲೆಕ್ಕವೂ ಒಂದು ಅಂದಾಜೇ ಆಗಿತ್ತು. ಅದು ವಾಸ್ತವಕ್ಕಿಂತ ಕಡಮೆಯೆಂದು ಟೀಕಿಸಿದವರುಂಟು. ಪ್ರಧಾನಿಯವರ ವೆಚ್ಚದ ಆರೋಪವೂ ವಿವಾದಕ್ಕೆ ಗುರಿಯಾಯಿತು. ರಕ್ಷಣಾ ವ್ಯವಸ್ಥೆ ಮತ್ತು ಕಚೇರಿಯ ವೆಚ್ಚಗಳನ್ನು ಒಬ್ಬ ವ್ಯಕ್ತಿಯ ವೆಚ್ಚವೆಂದು ಎಣಿಸುವುದು ನ್ಯಾಯವೇ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ.

ಆದರೂ ಸರಕಾರದ ಅಂಕಿಯನ್ನೇ ಒಪ್ಪಿಕೊಂಡರೆ ಏನಾಗುತ್ತದೆ? ದಿನಕ್ಕೆ ಏಳೂವರೆ ಆಣೆಯೆಂದರೆ ತಿಂಗಳಿಗೆ ಸುಮಾರು 14 ರೂಪಾಯಿ. ಅದಕ್ಕೆ ಒಂದು ವರ್ಷ ಹಿಂದೆ, 1962ರಲ್ಲಿ, ಸರಕಾರವೇ ನೇಮಿಸಿದ ತಜ್ಞರ ತಂಡವು 1960-61ರ ಬೆಲೆಗಳಲ್ಲಿ ಮನುಷ್ಯನೊಬ್ಬನ ಕನಿಷ್ಠ ಜೀವನಕ್ಕೆ ತಿಂಗಳಿಗೆ 20 ರೂಪಾಯಿ ಬೇಕೆಂದು ನಿರ್ಧರಿಸಿತ್ತು. ಶಿಕ್ಷಣ ಮತ್ತು ಆರೋಗ್ಯದ ವೆಚ್ಚ ಅದರಲ್ಲಿ ಸೇರಿರಲಿಲ್ಲ. ಎಂದರೆ, ಲೋಹಿಯಾ ಅವರ ಲೆಕ್ಕವನ್ನು ಅಲ್ಲಗಳೆಯಲೆಂದು ಮುಂದಿಟ್ಟ ಸಂಖ್ಯೆಯೇ, ದೇಶದ ಅರ್ಧಕ್ಕಿಂತ ಹೆಚ್ಚು ಜನರ ಪಾಲು ಕನಿಷ್ಠ ಮಟ್ಟವನ್ನು ಮುಟ್ಟುವುದಿಲ್ಲವೆಂಬುದಕ್ಕೆ ಸಾಕ್ಷಿಯಾಯಿತು. ಸಭೆಯಲ್ಲಿ ಸೋತ ಪ್ರಶ್ನೆ ಗೆದ್ದದ್ದು ಹೀಗೆ. ಬಡತನವನ್ನು ಅಳೆಯುವ ಕಾರ್ಯ ಅನಂತರ ಅರ್ಥಶಾಸ್ತ್ರಜ್ಞರ ಮುಖ್ಯ ಅಧ್ಯಯನವಾಗಿ ಬೆಳೆಯಿತು. 1971ರಲ್ಲಿ ಪುಣೆಯ ದಾಂಡೇಕರ್ ಮತ್ತು ರಥ್ ಅವರು ಪ್ರಕಟಿಸಿದ ಭಾರತದ ಬಡತನದ ಅಧ್ಯಯನ ಆ ಸಾಲಿನಲ್ಲಿ ಪ್ರಸಿದ್ಧವಾದುದು.

ಲೋಹಿಯಾ ಅವರ ಸಂಸದೀಯ ಕಾರ್ಯ ಆ ಒಂದು ಚರ್ಚೆಗೆ ಸೀಮಿತವಾಗಿರಲಿಲ್ಲ. ಕಿಶನ್ ಪಟ್ನಾಯಕ್, ಮಣಿರಾಮ್ ಬಾಗ್ರಿ, 1964ರಲ್ಲಿ ಬಂದು ಸೇರಿದ ಮಧು ಲಿಮಯೆ ಮೊದಲಾದ ಸಂಗಡಿಗರದು ಸಣ್ಣ ಗುಂಪು. ಆದರೆ ಪ್ರಶ್ನೋತ್ತರ ವೇಳೆಯಲ್ಲಿ ಆ ಗುಂಪನ್ನು ಸಚಿವರು ಲಘುವಾಗಿ ಕಾಣುವಂತಿರಲಿಲ್ಲ. ಕಾರ್ಖಾನೆಯ ಸರಕಿನ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಬಾರದೆಂದು ಲೋಹಿಯಾ ವಾದಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದಿರುವುದು, ಅಡಿಗೆಮನೆಯ ಹೊಗೆಯಲ್ಲಿ ಅವರ ಕಣ್ಣು ಕೆಡುವುದು ರಾಷ್ಟ್ರದ ಪ್ರಶ್ನೆಗಳೆಂದು ಸಾರಿದರು. ಗಣ್ಯರು ಸಭೆಯಲ್ಲಿ ಆಡಲು ಸಂಕೋಚಪಡುತ್ತಿದ್ದ ಮಾತುಗಳವು. ಆಡಳಿತ ಮತ್ತು ಶಿಕ್ಷಣ ಜನರ ಭಾಷೆಯಲ್ಲಿ ನಡೆಯಬೇಕೆಂಬ ಅವರ ಹಟಕ್ಕೂ ಇದೇ ಕಾರಣ. ಕೇಳುವವನಿಗೆ ತಿಳಿಯದ ಭಾಷೆಯಲ್ಲಿ ನಡೆದ ಚರ್ಚೆ, ಅವನಿಗೆ ಕಾಣದಂತೆ ಅಳೆದ ಕೊಳಗವಿದ್ದಂತೆ.

ಅವರ ಮಾತು ಅನೇಕ ವೇಳೆ ಕಟುವಾಗುತ್ತಿತ್ತು. ಒಂದು ಕಾಲದ ಹಿರಿಯ ಒಡನಾಡಿ ನೆಹರೂ ಅವರ ಮೇಲೆ ಅವರು ಮಾಡಿದ ಟೀಕೆಯ ತೀಕ್ಷ್ಣತೆ ಹಿತೈಷಿಗಳಿಗೂ ನೋವುಂಟುಮಾಡಿದ್ದುಂಟು. ಆದರೆ ಆ ಕಟುತ್ವದಲ್ಲಿ ಸ್ವಾರ್ಥದ ಲೇಶವಿರಲಿಲ್ಲ. ಅವಿವಾಹಿತರಾಗಿಯೇ ಉಳಿದ ಅವರು ಆಸ್ತಿಪಾಸ್ತಿ ಕೂಡಿಡಲಿಲ್ಲ, ಅಧಿಕಾರಸ್ಥಾನವನ್ನು ಬಯಸಲಿಲ್ಲ. ಅಂದಿನ ಪ್ರಧಾನಿಯೂ ಸಭೆಯಲ್ಲಿ ಉಪಸ್ಥಿತರಿದ್ದು ಕಟುನುಡಿಗಳನ್ನು ಕೇಳಿ ಉತ್ತರವಿತ್ತರೆಂಬುದು ಸ್ಮರಣೀಯ. ಪ್ರಶ್ನಿಸುವವನ ಧೈರ್ಯ ಮತ್ತು ಉತ್ತರಿಸುವವನ ಸಹನೆ ಎರಡೂ ಕೂಡಿದಾಗಲೇ ಸಂಸತ್ತಿಗೆ ಶೋಭೆ.

ಸಭೆಯ ಹೊರಗೂ ಅವರು ಪ್ರಶ್ನಿಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ. 1965ರ ಆಗಸ್ಟ್‌ನಲ್ಲಿ ಅವರನ್ನು ಪಾಟ್ನಾದಲ್ಲಿ ಭಾರತ ರಕ್ಷಣಾ ನಿಯಮಗಳನ್ವಯ ಬಂಧಿಸಲಾಯಿತು. ಲೋಹಿಯಾ ಅವರು ಸರ್ವೋಚ್ಚ ನ್ಯಾಯಾಲಯದ ಮುಂದೆ ತಮ್ಮ ಪರವಾಗಿ ತಾವೇ ವಾದಿಸಿದರು. ಸಾಮಾನ್ಯವಾದ ಕಾನೂನು ಪಾಲನೆಗೂ ಇಡೀ ಸಮಾಜವನ್ನು ತಟ್ಟುವ ಸಾರ್ವಜನಿಕ ಶಾಂತಿಯ ಭಂಗಕ್ಕೂ ವ್ಯತ್ಯಾಸವಿದೆಯೆಂದು ಎತ್ತಿಹಿಡಿದು, ಸೆಪ್ಟೆಂಬರ್ 7ರಂದು ನ್ಯಾಯಾಲಯವು ಬಹುಮತದಿಂದ ಅವರ ಬಿಡುಗಡೆಗೆ ಆಜ್ಞಾಪಿಸಿತು. ಮೊಕದ್ದಮೆ ವಿಚಾರಣೆಯಿಲ್ಲದ ಬಂಧನಗಳ ವಿಷಯದಲ್ಲಿ ಆ ತೀರ್ಪು ಅಂದಿನಿಂದ ವಕೀಲರಿಗೂ ನ್ಯಾಯಾಧೀಶರಿಗೂ ಆಧಾರವಾಗಿದೆ.

1967ರ ಚುನಾವಣೆಯಲ್ಲಿ ಅವರು ಕನೌಜ್ ಕ್ಷೇತ್ರದಿಂದ ಕೆಲವೇ ನೂರು ಮತಗಳ ಅಂತರದಲ್ಲಿ ಗೆದ್ದರು. ವಿರೋಧ ಪಕ್ಷಗಳು ಒಂದಾಗಬೇಕೆಂಬ ಅವರ ಪ್ರಯತ್ನದ ಫಲವಾಗಿ ಆ ವರ್ಷ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ಸೇತರ ಸರಕಾರಗಳು ರಚನೆಯಾದವು. ಆದರೆ ಆ ಪ್ರಯೋಗದ ಏಳುಬೀಳುಗಳನ್ನು ನೋಡಲು ಅವರು ಬಹುಕಾಲ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯ ಅನಂತರ ದೇಹಸ್ಥಿತಿ ವಿಷಮಿಸಿ, 1967ರ ಅಕ್ಟೋಬರ್ 12ರಂದು ದೆಹಲಿಯ ವಿಲ್ಲಿಂಗ್ಡನ್ ಆಸ್ಪತ್ರೆಯಲ್ಲಿ ತಮ್ಮ 57ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಆ ಆಸ್ಪತ್ರೆ ಮುಂದೆ ಅವರ ಹೆಸರನ್ನೇ ಪಡೆಯಿತು. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಶಾಸನದಿಂದ ಗೇಣಿದಾರರಿಗೆ ಉಳುವ ಹೊಲದ ಒಡೆತನ ದೊರಕಿತು. ಕಾಗೋಡಿನ ಕೊಳಗದ ವ್ಯಾಜ್ಯಕ್ಕೆ ಆಗ ನ್ಯಾಯ ಸಿಕ್ಕಿತೆನ್ನಬಹುದು. ಲೋಹಿಯಾ ಅವರಾಗಲಿ, 1972ರಲ್ಲಿ ತೀರಿಕೊಂಡ ಗೋಪಾಲಗೌಡರಾಗಲಿ ಅದನ್ನು ಕಾಣಲಿಲ್ಲ.

ಆಣೆಗಳು ಚಲಾವಣೆಯಿಂದ ಹೋಗಿ ಬಹುಕಾಲವಾಯಿತು. ಮೂರಾಣೆಯೆಂದರೆ ಎಷ್ಟೆಂದು ಇಂದಿನ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗುತ್ತದೆ. ಆದರೆ ತರಗತಿಯ ಸರಾಸರಿ ಅಂಕ ಚೆನ್ನಾಗಿದೆಯೆಂದು ಸಂತೋಷಪಡುವ ಅಧ್ಯಾಪಕರು ಕೊನೆಯ ಸಾಲಿನ ಬಾಲಕನ ಉತ್ತರಪತ್ರಿಕೆಯನ್ನೂ ತೆರೆದು ನೋಡಬೇಕೆಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಥೆಯಾಗಲಿ, ರಾಜ್ಯವಾಗಲಿ, ರಾಷ್ಟ್ರವಾಗಲಿ, ತನ್ನ ಏಳಿಗೆಯನ್ನು ಎಣಿಸುವಾಗ ಕಟ್ಟಕಡೆಯವನ ಪಾಲು ಎಷ್ಟೆಂದು ಕೇಳುವವನೊಬ್ಬ ಸಭೆಯಲ್ಲಿರಬೇಕು. ಡಾ. ಲೋಹಿಯಾ ಅವರು ತಮ್ಮ ಕಾಲದ ಸಭೆಯಲ್ಲಿ ಆ ಕರ್ತವ್ಯವನ್ನು ನೆರವೇರಿಸಿದರು.