ಮಿಡತೆಯ ಹೆಸರಿನಲ್ಲಿ ಉಳಿದ ಕೋಲ್ಮನ್



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಪ್ಪು ಮಣ್ಣಿನ ಹೊಲಗಳಲ್ಲಿ ನೀವು ಚಿಕ್ಕಂದಿನಿಂದ ನೋಡುತ್ತ ಬಂದ ಬೆಳೆಗಳು ಜೋಳ, ತೊಗರಿ, ಕಡಲೆ, ಹತ್ತಿ. ಈ ಹೊಲಗಳಲ್ಲಿ ಮಿಡತೆಗಳನ್ನೂ ನೋಡಿರುತ್ತೀರಿ. ಹಿಡಿಯಲು ಹೋದರೆ ಪುರ್ರನೆ ಹಾರಿಬಿಡುತ್ತವೆ. ಆದರೆ ಪೂರ್ತಿ ಬೆಳೆದ ಮೇಲೂ ರೆಕ್ಕೆಯೇ ಮೂಡದ, ಬರೀ ಕುಪ್ಪಳಿಸಿಯೇ ಬದುಕುವ ಮಿಡತೆಯೊಂದಿದೆ, ಗೊತ್ತೇ? ದಖ್ಖನ್ ಪ್ರಸ್ಥಭೂಮಿಯ ಜೋಳದ ಸೀಮೆಯೇ ಅದರ ತವರು. ಇಂಗ್ಲಿಷ್ ಪುಸ್ತಕಗಳಲ್ಲಿ ಕೂಡ ಅದನ್ನು ‘ಜೋಳ ಗ್ರಾಸ್‌ಹಾಪರ್’ ಎಂದು ಕರೆದಿದ್ದಾರೆ. ನಮ್ಮ ‘ಜೋಳ’ ಎಂಬ ಪದ ಹಾಗೆಯೇ ಇಂಗ್ಲಿಷಿಗೆ ಹೋಗಿ ಕುಳಿತಿದೆ ನೋಡಿ!

ಅದರ ವೈಜ್ಞಾನಿಕ ಹೆಸರು ಕೋಲ್ಮೇನಿಯಾ ಸ್ಫೆನಾರಿಯಾಯ್ಡಿಸ್. ಬಾಯಲ್ಲಿ ಹೊರಳುವುದು ಕಷ್ಟ, ನಿಜ. ಮೊದಲನೆಯ ಪದವನ್ನು ಮಾತ್ರ ನೆನಪಿಡಿ. 1910ರಲ್ಲಿ ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಇಗ್ನಾಸಿಯೋ ಬೊಲಿವಾರ್ ಈ ಹೆಸರಿಟ್ಟರು. ಹೊಸ ಜೀವಿಗೆ ಹೆಸರಿಡುವಾಗ ಅದರ ಬಗ್ಗೆ ದುಡಿದವರನ್ನು ಗೌರವಿಸುವುದು ವಿಜ್ಞಾನಿಗಳಲ್ಲಿ ರೂಢಿ. ಹಾಗಾದರೆ ಇಲ್ಲಿ ಗೌರವ ಪಡೆದವರು ಯಾರು? ಅವರೇ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ. ವರ್ಷದಲ್ಲಿ ಹಲವು ತಿಂಗಳು ಹಿಮ ಬೀಳುವ ನಾಡು ಅದು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು. ಅವರು ಅಧ್ಯಯನ ಮಾಡಿದ ವಿಷಯ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಬರಮಾಡಿಕೊಂಡಿತು. ಬೆಳೆಗಳಿಗೆ ಬರುವ ಶಿಲೀಂಧ್ರ ರೋಗಗಳನ್ನೂ ಕೀಟಗಳನ್ನೂ ನೋಡಿಕೊಳ್ಳುವುದು ಅವರ ಕೆಲಸ. ಆಗ ಅವರಿಗೆ ಮೂವತ್ತು ವರ್ಷ. ಇಲ್ಲಿನ ಭಾಷೆ ಹೊಸದು, ಬೆಳೆ ಹೊಸದು, ಹುಳುಗಳೂ ಹೊಸವು.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ನಮ್ಮ ಜಿಲ್ಲೆ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ನಾವು ಹೈದರಾಬಾದಿನ ನಿಜಾಮರ ರಾಜ್ಯದಲ್ಲಿದ್ದೆವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಎರಡೂ ಸೀಮೆಗಳು ಒಂದೇ ರಾಜ್ಯವಾದವು. ಆದ್ದರಿಂದ ಕೋಲ್ಮನ್ ಅವರ ಕೆಲಸವೆಲ್ಲ ನಡೆದದ್ದು ನಮ್ಮ ದಕ್ಷಿಣಕ್ಕಿರುವ ಸೀಮೆಯಲ್ಲಿ. ಆದರೆ ಜೋಳ ಅಲ್ಲಿಯೂ ಜೋಳವೇ, ಹುಳು ಅಲ್ಲಿಯೂ ಹುಳುವೇ. ರಾಜರು ಎಳೆದ ಗಡಿಗೆರೆ ಮಿಡತೆಗೇನು ಗೊತ್ತು?

ಈಗ ಮಿಡತೆಯ ವಿಷಯಕ್ಕೆ ಬರೋಣ. ಜೋಳದ ರೊಟ್ಟಿಯನ್ನೇ ನಂಬಿದ ಮನೆಗೆ ಈ ಮಿಡತೆ ಸಣ್ಣ ಶತ್ರುವಲ್ಲ. ಮೊದಲು ಎಲೆ ತಿನ್ನುತ್ತದೆ. ತೆನೆ ಹಾಲುದುಂಬುವ ಹೊತ್ತಿಗೆ, ಅಂದರೆ ನೀವು ಸೀತನಿ ತಿನ್ನಲು ಆಸೆಪಡುವ ಹೊತ್ತಿಗೆ, ಅದೂ ತೆನೆಗೇ ಬಾಯಿ ಹಾಕುತ್ತದೆ. ಮಿಡತೆ ಹೆಚ್ಚಾದ ವರ್ಷ ಮುಂಗಾರು ಜೋಳ ಕೈಗೆ ಬರುವುದೇ ಅನುಮಾನ. ಕಾಳೂ ಇಲ್ಲ, ದನಕ್ಕೆ ಒಳ್ಳೆಯ ಕಣಿಕೆಯೂ ಇಲ್ಲ.

ಇವತ್ತಾದರೆ ಅಂಗಡಿಗೆ ಹೋಗಿ ಔಷಧಿ ತರೋಣ ಎನ್ನುತ್ತಾರೆ. ಆಗ ಅಂಥ ಅಂಗಡಿಗಳೇ ಇರಲಿಲ್ಲ. ಡಿ.ಡಿ.ಟಿ. ಎಂಬ ರಾಸಾಯನಿಕ ಕೀಟಗಳನ್ನು ಕೊಲ್ಲುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ಪಾಲ್ ಮುಲ್ಲರ್ ಕಂಡುಹಿಡಿದದ್ದು 1939ರಲ್ಲಿ. ಆ ಹೊತ್ತಿಗೆ ಕೋಲ್ಮನ್ ನಿವೃತ್ತರಾಗಿಯೇ ಐದು ವರ್ಷವಾಗಿತ್ತು. ಹಾಗಾಗಿ ಅವರಿಗೆ ಉಳಿದಿದ್ದ ದಾರಿ ಒಂದೇ. ಹುಳುವನ್ನು ಕೊಲ್ಲುವ ಮೊದಲು ಅದರ ಇಡೀ ವರ್ಷದ ಬದುಕನ್ನು ತಿಳಿಯುವುದು. ಎಲ್ಲಿ ಹುಟ್ಟುತ್ತದೆ? ಏನು ತಿನ್ನುತ್ತದೆ? ಯಾವಾಗ ಮೊಟ್ಟೆ ಇಡುತ್ತದೆ? ಬೆಳೆ ಇಲ್ಲದ ಬೇಸಿಗೆಯಲ್ಲಿ ಎಲ್ಲಿರುತ್ತದೆ?

ಉತ್ತರ ಸಿಕ್ಕಿದ್ದು ಮಣ್ಣಿನೊಳಗೆ. ಮಳೆಗಾಲದ ಕೊನೆಗೆ ಹೆಣ್ಣು ಮಿಡತೆ ತನ್ನ ಹೊಟ್ಟೆಯ ತುದಿಯನ್ನು ನೆಲದಲ್ಲಿ ಊರಿ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಅವುಗಳ ಸುತ್ತ ನೊರೆಯಂಥ ಅಂಟು ಸುರಿಸುತ್ತದೆ. ಅದು ಒಣಗಿ ಗಟ್ಟಿ ಚೀಲವಾಗುತ್ತದೆ. ತಾಯಿ ಮಿಡತೆ ಸಾಯುತ್ತದೆ. ಮೊಟ್ಟೆಗಳು ಮಾತ್ರ ಚಳಿಗಾಲ, ಬೇಸಿಗೆ ಎರಡನ್ನೂ ನೆಲದೊಳಗೇ ಕಳೆದು, ಮುಂಗಾರು ಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಒಡೆಯುತ್ತವೆ. ವರ್ಷಕ್ಕೆ ಒಂದೇ ತಲೆಮಾರು. ಈ ಲೆಕ್ಕ ಸಿಕ್ಕಿತೋ, ಶತ್ರುವಿನ ಗುಟ್ಟೇ ಸಿಕ್ಕಿದಂತೆ. ವರ್ಷದಲ್ಲಿ ಏಳೆಂಟು ತಿಂಗಳು ಈ ಮಿಡತೆಗೆ ಓಡಲು ಕಾಲಿಲ್ಲ, ತಿನ್ನಲು ಬಾಯಿಲ್ಲ. ಒಂದೇ ಕಡೆ ಮೊಟ್ಟೆಯಾಗಿ ಮಲಗಿರುತ್ತದೆ. ಆಗ ರೆಂಟೆ ಹೊಡೆದು ಮಣ್ಣು ತಿರುವಿದರೆ ಮೊಟ್ಟೆಯ ಚೀಲ ಮೇಲೆ ಬರುತ್ತದೆ. ಬಿಸಿಲಿಗೆ ಒಣಗುತ್ತದೆ, ಇಲ್ಲವೇ ಹಕ್ಕಿಯ ಪಾಲಾಗುತ್ತದೆ. ಇದನ್ನೇ ನಿಮ್ಮ ಅಪ್ಪ, ಅಜ್ಜ ಮಾಗಿ ಉಳುಮೆ ಎನ್ನುವುದು.

ಎರಡನೆಯ ಗಳಿಗೆ ಮೊಟ್ಟೆ ಒಡೆದ ಹೊಸತು. ಮರಿಗಳು ಚಿಕ್ಕವು, ಗುಂಪಾಗಿರುತ್ತವೆ. ಅಗಲ ಬಾಯಿಯ ಬಟ್ಟೆಯ ಚೀಲಕ್ಕೆ ಬಿದಿರಿನ ಚೌಕಟ್ಟು ಕಟ್ಟಿ ಹೊಲದ ಮೇಲೆ ಎಳೆದುಕೊಂಡು ಓಡಿದರೆ ಕುಪ್ಪಳಿಸುವ ಮರಿಗಳು ತಾವಾಗಿಯೇ ಚೀಲದೊಳಗೆ ಬೀಳುತ್ತವೆ. ವಿಷ ಬೇಡ, ದುಡ್ಡೂ ಹೆಚ್ಚು ಬೇಡ.

ಇನ್ನೊಂದು ವಿಷಯ ಗಮನಿಸಿ. ಈ ಮಿಡತೆಗೆ ರೆಕ್ಕೆ ಇಲ್ಲ ಎಂದೆನಲ್ಲ, ಹಾಗಾಗಿ ಅದು ದೂರದ ಊರಿನಿಂದ ಹಾರಿ ಬರಲಾರದು. ಪಕ್ಕದ ಹೊಲದಿಂದ, ಬದುವಿನಿಂದ ಕುಪ್ಪಳಿಸಿ ಬರಬೇಕು ಅಷ್ಟೇ. ಒಂದು ಊರಿನವರೆಲ್ಲ ಸೇರಿ ಒಂದೇ ವಾರದಲ್ಲಿ ಚೀಲ ಎಳೆದರೆ ಆ ಊರಿನ ಜೋಳ ಉಳಿಯುತ್ತದೆ. ಒಬ್ಬನೇ ಎಳೆದು ಉಳಿದವರು ಸುಮ್ಮನಿದ್ದರೆ ಆ ಒಬ್ಬನ ಹೊಲಕ್ಕೂ ಮತ್ತೆ ಮಿಡತೆ ಬರುತ್ತದೆ. ಕೋಲ್ಮನ್ 1911ರಲ್ಲಿ ಈ ಮಿಡತೆಯ ಬಗ್ಗೆ ಕೃಷಿ ಇಲಾಖೆಯಿಂದ ಒಂದು ಪುಸ್ತಿಕೆಯನ್ನೇ ಹೊರತಂದರು.

ಈ ಕೆಲಸಗಳಲ್ಲಿ ಅವರ ಸಹಾಯಕರಾಗಿದ್ದವರು ಕೆ. ಕುಂಞಿ ಕಣ್ಣನ್. ಮುಂದೆ ಮೈಸೂರು ಸಂಸ್ಥಾನದ ಮೊದಲ ಭಾರತೀಯ ಕೀಟಶಾಸ್ತ್ರಜ್ಞರಾದವರು ಅವರೇ. ಬಡ ರೈತನ ಕೈಗೆ ಎಟುಕುವಂಥ ಅಗ್ಗದ ಉಪಾಯಗಳನ್ನು ಹುಡುಕುವುದರಲ್ಲಿ ಅವರು ಹೆಸರಾದವರು. ಅವರದೇ ಒಂದು ಕಥೆ ಬರೆಯುವಷ್ಟಿದೆ, ಇನ್ನೊಮ್ಮೆ ನೋಡೋಣ.

ಮಲೆನಾಡಿನಲ್ಲಿ ಕೋಲ್ಮನ್ ಹೆಸರು ಮನೆಮಾತಾದದ್ದು ಅಡಿಕೆಯಿಂದ. ಅಲ್ಲಿ ಜಡಿಮಳೆಯಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆಯ ಕಾಯಿಗಳು ಕೊಳೆತು ಉದುರುತ್ತವೆ. ಇದಕ್ಕೆ ಕಾರಣ ಹುಳುವಲ್ಲ, ಕಣ್ಣಿಗೆ ಕಾಣದ ಶಿಲೀಂಧ್ರದಂಥ ಜೀವಿ ಎಂದು ಅವರು ತೋರಿಸಿಕೊಟ್ಟರು. ಮದ್ದಾಗಿ ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಸಿಂಪಡಿಸುವುದನ್ನು ಬಳಕೆಗೆ ತಂದರು. ಈ ದ್ರಾವಣ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರೈತರು ದಾರಿಯಂಚಿನ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗಳಿಗೆ ಮಾತ್ರ ರೋಗ ಬರದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದರು. ಮಲೆನಾಡಿನ ಮಳೆಗೆ ದ್ರಾವಣ ತೊಳೆದುಹೋಗದಂತೆ ಅಂಟು ಬೆರೆಸುವ ಉಪಾಯವನ್ನೂ ಕೋಲ್ಮನ್ ಮಾಡಿದರು. ಇಂದಿಗೂ ಮಲೆನಾಡಿನ ತೋಟಗಳಲ್ಲಿ ಈ ದ್ರಾವಣ ಹೊಡೆಯುತ್ತಾರೆ.

ಮುಂದೆ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ ಇವುಗಳ ಹಿಂದೆಯೂ ಅವರ ದುಡಿಮೆ ಇತ್ತು. ನಡುವೆ ಕೆಲವು ವರ್ಷ ಕೆನಡಾಕ್ಕೆ ಹೋಗಿದ್ದುದನ್ನು ಬಿಟ್ಟರೆ 1934ರವರೆಗೆ ಇಲ್ಲಿಯೇ ಕೆಲಸ ಮಾಡಿದರು. 1954ರಲ್ಲಿ ತೀರಿಕೊಂಡರು.

ಹತ್ತಿಯಿಂದ ಹೆಸರಾದವರಲ್ಲ ಕೋಲ್ಮನ್. ಆದರೂ ಅವರು ಮಿಡತೆಗೆ ಕೇಳಿದ ಪ್ರಶ್ನೆಗಳನ್ನೇ ಈಗ ನಾವು ಹತ್ತಿಯ ಹುಳುವಿಗೆ ಕೇಳಬೇಕಾಗಿದೆ. ಏಕೆಂದರೆ ಜೇವರ್ಗಿ, ಅಫಜಲಪುರ ಕಡೆಯ ಹತ್ತಿ ಬೆಳೆಗಾರರಿಗೆ ದೊಡ್ಡ ತಲೆನೋವಾಗಿರುವುದು ಗುಲಾಬಿ ಕಾಯಿಕೊರಕ. ಈ ಹುಳು ನಮಗೆ ಹೊಸತಲ್ಲ. ಗುಜರಾತಿನ ಭರೂಚಿನ ಹತ್ತಿಯಲ್ಲಿ ಸಿಕ್ಕ ಪತಂಗಗಳನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞ 1843ರಲ್ಲೇ ಇದನ್ನು ವರ್ಣಿಸಿದ್ದರು.

2002ರಲ್ಲಿ ನಮ್ಮ ದೇಶದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕಿತು. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಈ ಗಿಡವನ್ನು ತಿಂದರೆ ಕಾಯಿಕೊರಕ ಹುಳು ಸಾಯುತ್ತದೆ. ಕೆಲವು ವರ್ಷ ರೈತರು ನಿಶ್ಚಿಂತೆಯಾಗಿದ್ದರು. ಆದರೆ ಕೋಟ್ಯಂತರ ಹುಳುಗಳಲ್ಲಿ ಅಲ್ಲೊಂದು ಇಲ್ಲೊಂದು ಆ ವಿಷವನ್ನು ತಡೆದುಕೊಳ್ಳುವಂಥದ್ದು ಇದ್ದೇ ಇರುತ್ತದೆ. ಉಳಿದವು ಸತ್ತಾಗ ಬದುಕಿದ್ದು ಅದೇ, ಮರಿ ಮಾಡಿದ್ದೂ ಅದೇ. ಗುಲಾಬಿ ಕಾಯಿಕೊರಕ ಹೀಗೆ ನಿರೋಧ ಶಕ್ತಿ ಪಡೆದಿದೆ ಎಂದು 2010ರಲ್ಲಿ ಗುಜರಾತಿನಿಂದ ಮೊದಲು ಸುದ್ದಿ ಬಂತು. ಮುಂದೆ ಅದು ಕರ್ನಾಟಕದಲ್ಲಿಯೂ ಕಂಡಿತು.

ಔಷಧಿ ಹೊಡೆದರಾಯಿತಲ್ಲ ಎನ್ನುವಿರಾ? ಹುಳುವಿನ ಬದುಕು ನೋಡಿ. ಪತಂಗ ಮೊಗ್ಗು, ಹೂವು, ಎಳೆಗಾಯಿಗಳ ಮೇಲೆ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಕೂಡಲೇ ಕೊರೆದು ಒಳಗೆ ಸೇರುತ್ತದೆ. ಅದು ಹೋದ ರಂಧ್ರವೂ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಬೀಜ ಖಾಲಿಯಾಗಿರುತ್ತದೆ. ಸಿಂಪಡಿಸಿದ ಔಷಧಿ ಒಳಗಿರುವ ಹುಳುವಿಗೆ ಮುಟ್ಟುವುದೇ ಇಲ್ಲ. ಅದರ ಬದಲು ಗುಲಗಂಜಿ ಹುಳುಗಳಂಥ ನಮ್ಮ ಮಿತ್ರರು ಸಾಯುತ್ತಾರೆ, ಅವು ತಿನ್ನುತ್ತಿದ್ದ ಸಸ್ಯಹೇನುಗಳು ಹೆಚ್ಚುತ್ತವೆ. ಸಾಲ ಮಾಡಿ ತಂದ ಔಷಧಿಗೆ ಹಣ ಹೋಯಿತು, ಹುಳು ಹೋಗಲಿಲ್ಲ. ಸಿಂಪಡಿಸುವವರ ಮೈಗೂ ಕೇಡು. ಔಷಧಿಯ ಡಬ್ಬಿಯನ್ನಾಗಲಿ, ಸಿಂಪಡಿಸುವ ಪಂಪನ್ನಾಗಲಿ ನೀವು ಮಾತ್ರ ಮುಟ್ಟಬಾರದು.

ಹಾಗಾದರೆ ಈ ಹುಳು ಎಲ್ಲಿ ಸಿಕ್ಕಿಬೀಳುತ್ತದೆ? ಮಿಡತೆಯ ಹಾಗೆ ಇದಕ್ಕೂ ಒಂದು ಕಷ್ಟದ ಕಾಲವಿದೆ. ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿ ಬದುಕುವ ಹುಳು ಇದು. ಹತ್ತಿ ಇಲ್ಲದ ತಿಂಗಳುಗಳನ್ನು ದಾಟಲು ಎರಡು ಬೀಜಗಳನ್ನು ಅಂಟಿಸಿಕೊಂಡು ಅದರೊಳಗೆ, ಇಲ್ಲವೇ ಗಿಡದಲ್ಲಿ ಉಳಿದ ಒಣಕಾಯಿಗಳೊಳಗೆ ನಿದ್ದೆ ಹೋಗುತ್ತದೆ. ಬಿಡಿಸಿ ಮುಗಿದ ಮೇಲೂ ಇನ್ನೊಂದಿಷ್ಟು ಹತ್ತಿ ಬರಲಿ ಎಂದು ಬೇಸಿಗೆಯವರೆಗೆ ಗಿಡ ಉಳಿಸಿಕೊಂಡರೆ ನಾವೇ ಹುಳುವಿಗೆ ಊಟ ಹಾಕಿದಂತೆ. ಒಲೆಗೆಂದು ಮನೆಯ ಹಿಂದೆ ಒಟ್ಟಿದ ಹತ್ತಿಕಟ್ಟಿಗೆಯಲ್ಲಿ ಒಣಕಾಯಿ ಇದ್ದರೆ ಅದು ಹುಳುವಿನ ಮನೆ. ಅದಕ್ಕೇ ಬೆಳೆಯನ್ನು ಸಕಾಲಕ್ಕೆ ಮುಗಿಸಬೇಕು, ಹೊಲದಲ್ಲಿ ಕುರಿ ಮೇಯಿಸಿ ಉಳಿದ ಕಾಯಿ ತಿನ್ನಿಸಬೇಕು, ಕಟ್ಟಿಗೆಯನ್ನು ಬೇಗ ವಿಲೇವಾರಿ ಮಾಡಬೇಕು. ಆದರೆ ಈ ಪತಂಗಕ್ಕೆ ರೆಕ್ಕೆ ಇದೆ. ಆದ್ದರಿಂದ ಮಿಡತೆಯ ವಿಷಯದಲ್ಲಿ ಒಂದು ಊರು ಸಾಕಾದರೆ, ಇಲ್ಲಿ ಸುತ್ತಲಿನ ಹತ್ತು ಊರು ಸೇರಬೇಕು. ನನಗೆ ಎಲ್ಲಕ್ಕಿಂತ ಕಷ್ಟದ ಭಾಗ ಇದೇ ಎನಿಸುತ್ತದೆ.

ಹಸಿರು ಕಾಯಿಕೊರಕದ ದಾರಿ ಬೇರೆ. ಅದು ಹತ್ತಿಗೂ ಬರುತ್ತದೆ, ತೊಗರಿಗೂ ಬರುತ್ತದೆ, ಕಡಲೆಗೂ ಬರುತ್ತದೆ. ಆದರೆ ಕೋಶವಾಗುವಾಗ ಮಣ್ಣಿಗೆ ಇಳಿಯುತ್ತದೆ. ಅಲ್ಲಿ ಮಾಗಿ ಉಳುಮೆಗೆ ಸಿಕ್ಕುತ್ತದೆ. ತೊಗರಿಯಲ್ಲಿ ಹುಳು ಹೆಚ್ಚಾದಾಗ ಗಿಡಗಳನ್ನು ಬಗ್ಗಿಸಿ ಮೆಲ್ಲಗೆ ಅಲುಗಾಡಿಸಿ, ಕೆಳಗೆ ಹಿಡಿದ ಬಟ್ಟೆಯ ಮೇಲೆ ಹುಳು ಉದುರಿಸುವುದನ್ನು ನಮ್ಮ ಕಡೆ ನೀವು ನೋಡಿರಬಹುದು. ಮಿಡತೆಯ ಚೀಲಕ್ಕೆ ಇದು ಹತ್ತಿರದ ನೆಂಟ. ಉದುರಿದ ಹುಳು ಕೋಳಿಗಳಿಗೆ ಹಬ್ಬ!

ನಿಮ್ಮ ಊರಿನ ಹತ್ತಿ ಹೊಲದಲ್ಲಿ ಕೋಲಿಗೆ ಕಟ್ಟಿದ ಮೋಹಕ ಬಲೆಗಳನ್ನು ಕಂಡರೆ ಹತ್ತಿರ ಹೋಗಿ ನೋಡಿ. ಹೆಣ್ಣು ಪತಂಗದ ವಾಸನೆಯ ಬಿಲ್ಲೆಯನ್ನು ಅದರಲ್ಲಿ ಇಟ್ಟಿರುತ್ತಾರೆ. ಗಂಡು ಪತಂಗಗಳು ಮೋಸಹೋಗಿ ಒಳಗೆ ಬೀಳುತ್ತವೆ. ಹೊಲದವರನ್ನು ಕೇಳಿಕೊಂಡು ದಿನವೂ ಬೆಳಗ್ಗೆ ಬಿದ್ದ ಪತಂಗಗಳನ್ನು ಎಣಿಸಿ ತಾರೀಖಿನೊಂದಿಗೆ ಬರೆದಿಡಿ. ಒಂದು ಬಲೆಗೆ ಮೂರು ದಿನ ಬಿಡದೆ ಎಂಟೆಂಟು ಪತಂಗ ಬಿದ್ದರೆ ಎಚ್ಚರಿಕೆಯ ಗಂಟೆ ಎಂದು ತಿಳಿದು ಮನೆಯವರಿಗೆ ಹೇಳಿ. ಹೊಲದಲ್ಲಿ ಪೂರ್ತಿ ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡ ಹೂವು ಕಂಡರೆ ಬಿಡಿಸಿ ನೋಡಿ, ಒಳಗೆ ಪುಟ್ಟ ಹುಳು ಇರಬಹುದು.

ರೆಕ್ಕೆಯಿಲ್ಲದ ಮಿಡತೆಯನ್ನು ಹುಡುಕುವ ಆಸೆಯಾದರೆ ಜೂನ್, ಜುಲೈ ತಿಂಗಳಲ್ಲಿ ಆತುರಪಡಬೇಡಿ. ಆಗ ಎಲ್ಲ ಜಾತಿಯ ಮಿಡತೆಮರಿಗಳಿಗೂ ರೆಕ್ಕೆ ಇರುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಜೋಳದ ಹೊಲದ ಬದುವಿನಲ್ಲಿ ದೊಡ್ಡ ಮಿಡತೆಗಳನ್ನು ನೋಡಿ. ರೆಕ್ಕೆಯಿಲ್ಲದ ಬೇರೆ ಜಾತಿಗಳೂ ಇವೆ, ಆದ್ದರಿಂದ ಒಂದನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಮುಚ್ಚಳಕ್ಕೆ ತೂತು ಮಾಡಿ, ನಿಮ್ಮ ವಿಜ್ಞಾನ ಶಿಕ್ಷಕರ ಮೂಲಕ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.