ಟಿಪ್ಪು ವಂಶದ ಕುಡಿ ನೂರ್ ಇನಾಯತ್ ಖಾನ್

ನಮ್ಮ ದೆಹಲಿಯ ನಿಜಾಮುದ್ದೀನ್ ಬಸ್ತಿಯಲ್ಲಿ ಹಜರತ್ ಇನಾಯತ್ ಖಾನ್ ಅವರ ದರ್ಗಾ ಇದೆ. ಬರೋಡದಲ್ಲಿ ಹುಟ್ಟಿದ ಅವರು ಸಂಗೀತಗಾರರು, ಸೂಫಿ ಗುರುಗಳು. ತಾಯಿಯ ಕಡೆಯಿಂದ ಅವರದು ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶ. ಅವರ ಹಿರಿಯ ಮಗಳೇ ಎರಡನೇ ಮಹಾಯುದ್ಧದ ವೀರ ಮಹಿಳೆ ನೂರ್ ಇನಾಯತ್ ಖಾನ್.

ನೂರ್ ಹುಟ್ಟಿದ್ದು 1914ರ ಜನವರಿ 1ರಂದು, ಮಾಸ್ಕೋದಲ್ಲಿ. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 13 ವರ್ಷ. ದುಃಖದಿಂದ ತಾಯಿ ಕೋಣೆ ಸೇರಿದರು. ಇಬ್ಬರು ತಮ್ಮಂದಿರು, ಒಬ್ಬ ತಂಗಿಯ ಜವಾಬ್ದಾರಿ ನೂರ್ ಹೆಗಲಿಗೆ ಬಿತ್ತು. ಅದರ ನಡುವೆಯೇ ಸಂಗೀತ ಕಲಿತರು, ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದರು. ಜಾತಕ ಕಥೆಗಳಲ್ಲಿ ಇಪ್ಪತ್ತನ್ನು ಆರಿಸಿ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದ ಅವರ ಪುಸ್ತಕ 1939ರಲ್ಲಿ ಪ್ರಕಟವಾಯಿತು.

1940ರಲ್ಲಿ ಹಿಟ್ಲರನ ಸೇನೆ ಫ್ರಾನ್ಸ್‌ಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡಿಗೆ ಹೋಯಿತು. ಅಹಿಂಸೆಯ ವಾತಾವರಣದಲ್ಲಿ ಬೆಳೆದ ನೂರ್‌ಗೆ ಕೈಕಟ್ಟಿ ಕೂರುವುದೂ ಸರಿಯೆನಿಸಲಿಲ್ಲ. ವಾಯುಪಡೆಯ ಮಹಿಳಾ ವಿಭಾಗ ಸೇರಿ ವೈರ್‌ಲೆಸ್ ಕಲಿತರು. ಬ್ರಿಟಿಷರೊಡನೆ ಹೋರಾಡುತ್ತಲೇ ಮಡಿದ ಟಿಪ್ಪುವಿನ ವಂಶದವರು ಬ್ರಿಟಿಷ್ ಸಮವಸ್ತ್ರ ತೊಟ್ಟಿದ್ದರು. ಆದರೂ ಅಧಿಕಾರಿಗಳ ಎದುರು ಭಾರತದ ಸ್ವಾತಂತ್ರ್ಯಕ್ಕೆ ತಮ್ಮ ಬೆಂಬಲವಿದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಫ್ರೆಂಚ್ ಚೆನ್ನಾಗಿ ಬಲ್ಲ ಅವರನ್ನು ಗುಪ್ತಚರ ಸಂಸ್ಥೆ ಎಸ್‌ಒಇ ಆರಿಸಿಕೊಂಡಿತು. ತರಬೇತಿ ಕೊಟ್ಟವರಲ್ಲಿ ಹಲವರಿಗೆ ಅನುಮಾನವಿತ್ತು: ಮೃದು ಸ್ವಭಾವ, ಸುಳ್ಳು ಹೇಳಲು ಬಾರದು, ಈ ಕೆಲಸ ಇವಳಿಂದಾಗದು ಎಂದು. ಆದರೂ 1943ರ ಜೂನ್ 16ರ ರಾತ್ರಿ ಸಣ್ಣ ವಿಮಾನವೊಂದು ಅವರನ್ನು ಫ್ರಾನ್ಸಿಗೆ ಕರೆದೊಯ್ಯಿತು. ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಎಸ್‌ಒಇ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ. ಗುಪ್ತನಾಮ ಮೆಡಲೀನ್.

ಕೆಲವೇ ದಿನಗಳಲ್ಲಿ ಅವರ ಗುಂಪಿನ ಮುಖ್ಯರು ಸಿಕ್ಕಿಬಿದ್ದರು. ಲಂಡನ್ ವಾಪಸ್ ಬರಲು ಹೇಳಿತು. ತಾವು ಹೊರಟರೆ ಪ್ಯಾರಿಸ್‌ನಿಂದ ಸುದ್ದಿ ಕಳಿಸುವವರೇ ಇರುವುದಿಲ್ಲವೆಂದು ನೂರ್ ಒಪ್ಪಲಿಲ್ಲ. ವೈರ್‌ಲೆಸ್ ಸೆಟ್ಟೆಂದರೆ ಸುಮಾರು 15 ಕಿಲೋ ತೂಕದ ಸೂಟ್‌ಕೇಸ್. ಉದ್ದನೆಯ ಆಂಟೆನಾ ತಂತಿ ಕಟ್ಟಿ ಸಂದೇಶ ಕಳಿಸಬೇಕು. ಅಷ್ಟರಲ್ಲಿ ಜರ್ಮನರ ವ್ಯಾನುಗಳು ಸಿಗ್ನಲ್ ಬರುವ ದಿಕ್ಕು ಹಿಡಿದು ಹತ್ತಿರವಾಗುತ್ತಿದ್ದವು. ಅಂಥ ಆಪರೇಟರುಗಳು ಸರಾಸರಿ ಆರು ವಾರ ಉಳಿದರೆ ಹೆಚ್ಚು ಎನ್ನುವ ಕಾಲವದು. ಕೂದಲಿನ ಬಣ್ಣ, ಉಡುಪು, ಮನೆ ಬದಲಿಸುತ್ತ ನೂರ್ ಸುಮಾರು ನಾಲ್ಕು ತಿಂಗಳು ಕೆಲಸ ಮಾಡಿದರು.

ಅಕ್ಟೋಬರ್‌ನಲ್ಲಿ ಸೆರೆಯಾದರು. ಕಳಿಸಿದ ಸಂದೇಶಗಳನ್ನೆಲ್ಲ ಅವರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅದು ಶತ್ರುಗಳಿಗೆ ಸಿಕ್ಕಿತು. ಅವರದೇ ಸೆಟ್ಟಿನ ಹೆಸರಲ್ಲಿ ಜರ್ಮನರು ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿ ಇನ್ನಷ್ಟು ಏಜೆಂಟರನ್ನು ಹಿಡಿದರು. ಇದನ್ನೂ ಹೇಳದೆ ಅವರ ಕಥೆ ಪೂರ್ತಿಯಾಗದು. ಆದರೆ ವಿಚಾರಣೆಯಲ್ಲಿ ಅವರ ಬಾಯಿಂದ ಒಬ್ಬ ಸಂಗಾತಿಯ ಹೆಸರೂ ಬರಲಿಲ್ಲ. ಎರಡು ಬಾರಿ ತಪ್ಪಿಸಿಕೊಳ್ಳಲು ನೋಡಿದರು. ಎರಡನೇ ಸಲ ಇಬ್ಬರು ಸಹಕೈದಿಗಳೊಡನೆ ಚಾವಣಿ ಏರಿದಾಗ ವಿಮಾನ ದಾಳಿಯ ಸೈರನ್ ಕೂಗಿ, ಕಾವಲುಗಾರರು ಕೋಣೆ ಪರೀಕ್ಷಿಸಿ, ಸಿಕ್ಕಿಬಿದ್ದರು. ಮತ್ತೆ ಓಡಿಹೋಗುವುದಿಲ್ಲ ಎಂಬ ಮುಚ್ಚಳಿಕೆಗೆ ಸಹಿ ಹಾಕಿದ್ದರೆ ಪ್ಯಾರಿಸ್‌ನಲ್ಲೇ ಇರಬಹುದಿತ್ತು. ಹಾಕಲಿಲ್ಲ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಕೈಕಾಲಿಗೆ ಸರಪಳಿ ಬಿಗಿದು ಹತ್ತು ತಿಂಗಳು ಒಂಟಿಯಾಗಿ ಇಟ್ಟರು. 1944ರ ಸೆಪ್ಟೆಂಬರ್ 13ರ ಮುಂಜಾನೆ ಡಕಾವ್ ಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರೊಡನೆ ಅವರನ್ನು ಗುಂಡಿಕ್ಕಿ ಕೊಂದರು. ವಯಸ್ಸು 30.

ಫ್ರಾನ್ಸ್ ಕ್ರ್ವಾ ದ ಗೇರ್ ಪದಕವನ್ನೂ, ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಗೌರವವನ್ನೂ ಮರಣೋತ್ತರವಾಗಿ ನೀಡಿದವು. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಅವರ ಪ್ರತಿಮೆ ಸ್ಥಾಪನೆಯಾಯಿತು.

ಮೆತ್ತಗಿನ ಹೆಣ್ಣುಮಕ್ಕಳನ್ನು ಕಂಡು ಇವಳಿಂದೇನಾದೀತು ಎನ್ನುವವರು ಇಂದೂ ಇದ್ದಾರೆ. ಅಂದು ನೂರ್ ಬಗ್ಗೆ ಹಾಗೆಯೇ ಬರೆದ ತರಬೇತಿ ವರದಿಗಳು ಕಡತದಲ್ಲಿ ಉಳಿದಿವೆ. ಆ ವರದಿ ಬರೆದವರು ಯಾರೆಂಬುದು ಇಂದು ಎಷ್ಟು ಜನಕ್ಕೆ ಗೊತ್ತು?