ರಿಲೇ ಕೊಟ್ಟ ಜೋಸೆಫ್ ಹೆನ್ರಿ



ಬೆಳಗಾವಿಯ ಶಹಾಪುರದ ಓಣಿಗಳಲ್ಲಿ ನಡೆದು ಹೋಗುವಾಗ ಎರಡು ಕೆಲಸಗಳು ನಿಮ್ಮ ಕಣ್ಣಿಗೆ ಬೀಳುತ್ತವೆ. ಒಂದು, ನೇಕಾರರ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತುವುದು. ಇನ್ನೊಂದು, ರಸ್ತೆ ಬದಿಯ ಗ್ಯಾರೇಜಿನಲ್ಲಿ ವಾಹನಗಳ ವೈರಿಂಗ್ ಸರಿಪಡಿಸುವುದು. ಇವೆರಡಕ್ಕೂ ಏನೂ ಸಂಬಂಧವಿಲ್ಲ ಅನಿಸುತ್ತದೆ, ಅಲ್ಲವೆ? ಆದರೆ ಸುಮಾರು 200 ವರ್ಷಗಳ ಹಿಂದೆ ಅಮೆರಿಕದ ಒಬ್ಬ ಶಿಕ್ಷಕರು ತಾಮ್ರದ ತಂತಿಗೆ ತಾಳ್ಮೆಯಿಂದ ರೇಷ್ಮೆ ಸುತ್ತಿದರು. ಆ ಕೆಲಸದಿಂದ ಹೊರಟ ದಾರಿ ಇಂದಿನ ಗ್ಯಾರೇಜಿನವರೆಗೂ ಬಂದಿದೆ. ಆ ಶಿಕ್ಷಕರ ಹೆಸರು ಜೋಸೆಫ್ ಹೆನ್ರಿ.

ಗ್ಯಾರೇಜಿಗೆ ಒಂದು ಟೆಂಪೊ ಬಂದಿದೆ ಎಂದುಕೊಳ್ಳಿ. ಅದು ರಾತ್ರಿ ಖಾನಾಪುರಕ್ಕೆ ಹೋಗಬೇಕು. ಆದರೆ ಮುಂದಿನ ದೀಪಗಳು ಹತ್ತುತ್ತಿಲ್ಲ. ಮೆಕ್ಯಾನಿಕ್ ಸ್ವಿಚ್ ಒತ್ತಿ ಕಿವಿಗೊಟ್ಟು ಕೇಳುತ್ತಾನೆ. ಸುಮಾರು ಬೆಂಕಿಪೊಟ್ಟಣದಷ್ಟಿರುವ ಕಪ್ಪು ಪೆಟ್ಟಿಗೆಯೊಂದರಿಂದ ‘ಟಕ್’ ಎಂಬ ಸದ್ದು ಬರಬೇಕು. ಬಂದರೆ, ಸ್ವಿಚ್ಚಿನ ಕಡೆ ಎಲ್ಲ ಸರಿಯಿದೆ, ದೀಪಕ್ಕೆ ಹೋಗುವ ದಾರಿಯಲ್ಲಿ ದೋಷ ಹುಡುಕಬೇಕು. ಬರದಿದ್ದರೆ, ಸ್ವಿಚ್ಚಿನ ಕಡೆ ಅಥವಾ ಆ ಪೆಟ್ಟಿಗೆಯಲ್ಲೇ ದೋಷ ಇರಬಹುದು. ಆ ಪೆಟ್ಟಿಗೆಯೇ ರಿಲೇ. ಅದರ ಹಿಂದಿನ ವಿಚಾರವನ್ನು ಮೊದಲು ಮಾಡಿ ತೋರಿಸಿದವರು ಹೆನ್ರಿ.

ಜೋಸೆಫ್ ಹೆನ್ರಿ ಹುಟ್ಟಿದ್ದು 1797ರ ಡಿಸೆಂಬರ್ 17ರಂದು, ನ್ಯೂಯಾರ್ಕ್ ರಾಜ್ಯದ ಆಲ್ಬನಿ ಎಂಬ ಊರಿನಲ್ಲಿ. ಮನೆಯಲ್ಲಿ ಬಡತನ. ತಂದೆ ಬೇಗ ತೀರಿಕೊಂಡರು. ಹುಡುಗ ಅಜ್ಜಿಯ ಊರಾದ ಗಾಲ್ವೆಯಲ್ಲಿ ಬೆಳೆದ. ಶಾಲೆಗೆ ಹೋಗುತ್ತಲೇ ಅಂಗಡಿಯೊಂದರಲ್ಲಿ ದುಡಿದ. ಅವನಿಗೆ ಓದಿನ ರುಚಿ ಹತ್ತಿದ ಬಗ್ಗೆ ಒಂದು ಕಥೆ ಹೇಳುತ್ತಾರೆ. ತಪ್ಪಿಸಿಕೊಂಡ ಮೊಲವನ್ನು ಅಟ್ಟಿಸಿಕೊಂಡು ಅವನು ಚರ್ಚಿನ ನೆಲದಡಿಗೆ ತೆವಳಿ ಹೋದನಂತೆ. ಮೇಲೆದ್ದು ನೋಡಿದರೆ ಅದು ಪುಸ್ತಕಗಳ ಕೋಣೆ! ಮೊಲ ಮರೆತೇಹೋಯಿತು.

ಮುಂದೆ ಆಲ್ಬನಿಗೆ ಮರಳಿ ಗಡಿಯಾರ ಮತ್ತು ಬೆಳ್ಳಿ ಕೆಲಸದವರ ಬಳಿ ಕೆಲಸ ಕಲಿಯಲು ಸೇರಿದ. ನಾಟಕದ ಹುಚ್ಚೂ ಇತ್ತು. 16ನೆಯ ವಯಸ್ಸಿನಲ್ಲಿ, ಕಾಯಿಲೆಯಿಂದ ಮನೆಯಲ್ಲಿ ಮಲಗಿದ್ದಾಗ, ವಿಜ್ಞಾನದ ಪುಸ್ತಕವೊಂದು ಕೈಗೆ ಸಿಕ್ಕಿತು. ಅಲ್ಲಿಂದ ಮುಂದೆ ಅವನ ದಾರಿಯೇ ಬೇರೆಯಾಯಿತು. 1819ರಲ್ಲಿ ಆಲ್ಬನಿ ಅಕಾಡೆಮಿ ಎಂಬ ಶಾಲೆ ಅವನಿಗೆ ಶುಲ್ಕವಿಲ್ಲದೆ ಕಲಿಯಲು ಅವಕಾಶ ಕೊಟ್ಟಿತು. ತನಗಿಂತ ಚಿಕ್ಕವರ ಜೊತೆ ಕುಳಿತು ಕಲಿಯಲು ಅವನು ನಾಚಲಿಲ್ಲ. 1826ರಲ್ಲಿ ಅದೇ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನದ ಪ್ರಾಧ್ಯಾಪಕರಾದರು ಹೆನ್ರಿ.

ಆಗ ವಿದ್ಯುತ್ಕಾಂತ ಹೊಸ ಸಂಗತಿ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ಲಾಳದಾಕಾರದ ಕಬ್ಬಿಣಕ್ಕೆ ಅರಗೆಣ್ಣೆ ಬಳಿದು, ಮೇಲೆ ಬರಿ ತಂತಿ ಸುತ್ತಿ ಅದನ್ನು ಮಾಡಿದ್ದರು. ಅದು ಸುಮಾರು 4 ಕಿಲೋಗ್ರಾಂ ಎತ್ತುತ್ತಿತ್ತು. ತಂತಿ ಬರಿದಾಗಿದ್ದುದರಿಂದ ಸುತ್ತುಗಳನ್ನು ದೂರ ದೂರ ಇಡಬೇಕಿತ್ತು. ಯಾಕೆ ಗೊತ್ತೆ? ಎರಡು ಸುತ್ತುಗಳು ತಾಗಿದರೆ ವಿದ್ಯುತ್ತು ಇಡೀ ಸುರುಳಿಯನ್ನು ಬಳಸಿ ಹೋಗದೆ ಅಡ್ಡದಾರಿ ಹಿಡಿಯುತ್ತದೆ.

ಹೆನ್ರಿ ಯೋಚಿಸಿದರು. ಕಬ್ಬಿಣಕ್ಕೆ ಹೊದಿಕೆ ಹಾಕುವ ಬದಲು ತಂತಿಗೇ ಹಾಕಿದರೆ? ರೇಷ್ಮೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ರೇಷ್ಮೆ ಸುತ್ತಿದ ತಂತಿಯನ್ನು ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಸುತ್ತಬಹುದು. ಸುತ್ತುಗಳು ಹೆಚ್ಚಿದಂತೆ ಕಾಂತದ ಬಲವೂ ಹೆಚ್ಚಿತು. 1831ರಲ್ಲಿ ಅವರು ಯೇಲ್ ಕಾಲೇಜಿಗಾಗಿ ಮಾಡಿದ ವಿದ್ಯುತ್ಕಾಂತ 900 ಕಿಲೋಗ್ರಾಮಿಗೂ ಹೆಚ್ಚು ಭಾರ ಹೊತ್ತಿತು. ಇಂದು ವಾಹನದ ವೈರಿನ ಮೇಲೆ ನೀವು ಕಾಣುವ ಕೆಂಪು, ಕಪ್ಪು, ಹಳದಿ ಪ್ಲಾಸ್ಟಿಕ್ ಮಾಡುವುದೂ ಆ ರೇಷ್ಮೆಯ ಕೆಲಸವನ್ನೇ. ಅದು ಸುಲಿದು ತಾಮ್ರ ಹೊರಬಿದ್ದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಬೆಂಕಿಯೂ ಹೊತ್ತಬಹುದು.

ಅದೇ ವರ್ಷ ಹೆನ್ರಿ ಒಂದು ಮೈಲಿಗೂ ಉದ್ದದ ತಂತಿಯನ್ನು ಶಾಲೆಯ ಕೋಣೆಯ ಗೋಡೆಗಳ ಸುತ್ತ ಎಳೆದರು. ಒಂದು ತುದಿಯಲ್ಲಿ ವಿದ್ಯುತ್ತು ಹರಿಸಿ ಇನ್ನೊಂದು ತುದಿಯ ಗಂಟೆ ಬಾರಿಸಿದರು. ಆದರೆ ತಂತಿ ಉದ್ದವಾದಷ್ಟೂ ವಿದ್ಯುತ್ತು ಬಡವಾಗುತ್ತದೆ. ಹಾಗಿದ್ದರೆ ದೂರದಲ್ಲಿ ಭಾರಿ ಕೆಲಸ ಮಾಡಿಸುವುದು ಹೇಗೆ?

1832ರಲ್ಲಿ ಅವರು ಪ್ರಿನ್ಸ್‌ಟನ್ನಿನ ಕಾಲೇಜಿಗೆ ಹೋದರು. 1835ರ ಹೊತ್ತಿಗೆ ಉತ್ತರ ಸಿಕ್ಕಿತ್ತು. ನಿಮ್ಮ ಊರಿನ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬು ಎತ್ತಲು ಬೇಕಾದ ಬಲ ಸಣ್ಣದು. ಹರಿದು ಬರುವ ನೀರಿನ ಬಲ ದೊಡ್ಡದು. ಹಾಗೆಯೇ ದೂರದಿಂದ ಬಂದ ಬಡ ವಿದ್ಯುತ್ತು ಭಾರ ಎತ್ತಬೇಕಾಗಿಲ್ಲ. ಅದು ಒಂದು ಚಿಕ್ಕ ಕಾಂತವನ್ನು ಅಲುಗಿಸಿದರೆ ಸಾಕು. ಆ ಅಲುಗಾಟದಿಂದ ಇನ್ನೊಂದು ಬ್ಯಾಟರಿಯ ದೊಡ್ಡ ಮಂಡಲ ಕೂಡುತ್ತದೆ ಅಥವಾ ಕಡಿಯುತ್ತದೆ. ತರಗತಿಯಲ್ಲಿ ಹೆನ್ರಿ ದೂರದಿಂದಲೇ ದೊಡ್ಡ ಕಾಂತದ ಮಂಡಲವನ್ನು ಕಡಿದು, ಅದು ಹೊತ್ತಿದ್ದ ಭಾರವನ್ನು ಕೆಳಕ್ಕೆ ಬೀಳಿಸಿ ತೋರಿಸುತ್ತಿದ್ದರು.

ಈಗ ನಮ್ಮ ಟೆಂಪೊಗೆ ಮರಳೋಣ. ಬ್ಯಾಟರಿ 12 ವೋಲ್ಟಿನದು. 55 ವ್ಯಾಟಿನ ಎರಡು ದೀಪಗಳಿಗೆ ಒಟ್ಟು 110 ವ್ಯಾಟ್ ಬೇಕು. 110ನ್ನು 12ರಿಂದ ಭಾಗಿಸಿ ನೋಡಿ. ಸುಮಾರು 9 ಆಂಪಿಯರ್! ಇಷ್ಟೂ ವಿದ್ಯುತ್ತು ಚಾಲಕನ ಕೈಯ ಬಳಿಯ ಚಿಕ್ಕ ಸ್ವಿಚ್ಚಿನ ಮೂಲಕ ಹರಿದರೆ ಸ್ವಿಚ್ಚು ಬಿಸಿಯಾಗಿ ಸುಟ್ಟುಹೋಗಬಹುದು. ರಿಲೇಯ ಸುರುಳಿಗೆ ಸಾಮಾನ್ಯವಾಗಿ 0.15 ಆಂಪಿಯರ್ ಆಸುಪಾಸು ಸಾಕು. ಆದ್ದರಿಂದ ಸ್ವಿಚ್ಚಿನವರೆಗೆ ತೆಳುವಾದ ವೈರು, ದೀಪಕ್ಕೆ ದಪ್ಪ ವೈರು.

ರಿಲೇಯ ಕಾಲುಗಳ ಬಳಿ ಸಾಮಾನ್ಯವಾಗಿ ಸಂಖ್ಯೆಗಳಿರುತ್ತವೆ. 85 ಮತ್ತು 86 ಸುರುಳಿಯ ಎರಡು ತುದಿಗಳು. 30ಕ್ಕೆ ಬ್ಯಾಟರಿಯಿಂದ ಫ್ಯೂಸಿನ ಮೂಲಕ ವೈರು ಬರುತ್ತದೆ. 87ರಿಂದ ದೀಪಕ್ಕೆ ಹೋಗುತ್ತದೆ. ಸ್ವಿಚ್ ಒತ್ತಿದಾಗ ಸುರುಳಿ ಕಾಂತವಾಗಿ ಕಬ್ಬಿಣದ ಪಟ್ಟಿಯನ್ನು ಸೆಳೆಯುತ್ತದೆ. ಆಗಲೇ ‘ಟಕ್’ ಸದ್ದು! 30 ಮತ್ತು 87 ಕೂಡುತ್ತವೆ, ದೀಪ ಹತ್ತುತ್ತದೆ. ದೀಪದಿಂದ ವಿದ್ಯುತ್ತು ಬ್ಯಾಟರಿಗೆ ಮರಳುವುದು ವಾಹನದ ಲೋಹದ ಮೈಯ ಮೂಲಕ. ಇದನ್ನೇ ಗ್ಯಾರೇಜಿನಲ್ಲಿ ಅರ್ಥ್ ಎನ್ನುತ್ತಾರೆ.

ಹೆನ್ರಿ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದರು. ಉದ್ದ ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ಕಡಿದರೆ ಕಿಡಿ ಹಾರುತ್ತದೆ. ಇದಕ್ಕೆ ಕಾರಣ ಸ್ವಯಂಪ್ರೇರಣೆ. ಇಂಥ ಹೊಡೆತದಿಂದ ಬೇರೆ ಭಾಗಗಳು ಕೆಡದಿರಲಿ ಎಂದು ಇಂದಿನ ಅನೇಕ ರಿಲೇಗಳೊಳಗೆ ಡಯೋಡ್ ಅಥವಾ ರೆಸಿಸ್ಟರ್ ಇಟ್ಟಿರುತ್ತಾರೆ.

ಆದರೆ ಹೆನ್ರಿಯವರಿಗೆ ಒಂದು ದೊಡ್ಡ ನಷ್ಟವೂ ಆಯಿತು. ಶಾಲೆಯ ದಿನಗಳಲ್ಲಿ ಪಾಠವೇ ಪಾಠ. ಪ್ರಯೋಗಕ್ಕೆ ದೊಡ್ಡ ಕೋಣೆ ಸಿಗುತ್ತಿದ್ದುದು ರಜೆಯಲ್ಲಿ ಮಾತ್ರ. ಕಾಂತದಿಂದ ವಿದ್ಯುತ್ತು ಪಡೆಯಬಹುದೆಂದು ಅವರೂ ಸ್ವತಂತ್ರವಾಗಿ ಕಂಡುಕೊಂಡಿದ್ದರು. ಆದರೆ ಬರೆದು ಪ್ರಕಟಿಸಿದ್ದು 1832ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿಯೇ ಅದನ್ನು ತಿಳಿಸಿಬಿಟ್ಟಿದ್ದರು. ಆ ಶೋಧದ ಕೀರ್ತಿ ಫ್ಯಾರಡೆಯವರಿಗೆ ಸಂದಿತು. ತಮ್ಮ ಶೋಧಗಳಿಗೆ ಹೆನ್ರಿ ಪೇಟೆಂಟನ್ನೂ ಪಡೆಯಲಿಲ್ಲ. ಸ್ಯಾಮ್ಯುಯೆಲ್ ಮೋರ್ಸ್ ಟೆಲಿಗ್ರಾಫ್ ಕಟ್ಟುವಾಗ ಕೇಳಿದ ಪ್ರಶ್ನೆಗಳಿಗೆ ಉಚಿತವಾಗಿ ಉತ್ತರ ಕೊಟ್ಟರು. 1844ರಲ್ಲಿ ವಾಷಿಂಗ್ಟನ್‌ನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಹೋಯಿತು. ಹೆಸರಾದವರು ಮೋರ್ಸ್. ಮುಂದೆ ಯಾರ ಪಾಲು ಎಷ್ಟು ಎಂಬ ಬಗ್ಗೆ ಇಬ್ಬರ ನಡುವೆ ಕಹಿ ವಾದವೂ ನಡೆಯಿತು.

1846ರಲ್ಲಿ ಹೆನ್ರಿ ಸ್ಮಿತ್‌ಸೋನಿಯನ್ ಸಂಸ್ಥೆಯ ಮೊದಲ ಕಾರ್ಯದರ್ಶಿಯಾದರು. ಟೆಲಿಗ್ರಾಫ್ ಮೂಲಕ ದೂರದ ಊರುಗಳ ಹವಾಮಾನ ವರದಿ ತರಿಸಿ ಒಂದೆಡೆ ಸೇರಿಸುವ ಏರ್ಪಾಡು ಮಾಡಿದರು. 1878ರ ಮೇ 13ರಂದು ತೀರಿಕೊಂಡರು. 1893ರಲ್ಲಿ ವಿಜ್ಞಾನಿಗಳು ಪ್ರೇರಕತೆಯ ಅಳತೆಯ ಮಾನಕ್ಕೆ ಹೆನ್ರಿ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿ ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ರಿಲೇಯ ‘ಟಕ್’ ಸದ್ದು ನಿಂತಿಲ್ಲ.

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲಿ ಮಾಡಿ. ಒಂದು ದೊಡ್ಡ ಕಬ್ಬಿಣದ ಮೊಳೆಗೆ ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿಯನ್ನು 25 ಸುತ್ತು ಸುತ್ತಿ. ತುದಿಗಳ ಹೊದಿಕೆ ಸುಲಿದು 1.5 ವೋಲ್ಟಿನ ಶುಷ್ಕಕೋಶಕ್ಕೆ ಮುಟ್ಟಿಸಿ. ಮೊಳೆ ಎಷ್ಟು ಗುಂಡುಸೂಜಿಗಳನ್ನು ಎತ್ತಿತು? ಈಗ 50 ಸುತ್ತು ಸುತ್ತಿ ಮತ್ತೆ ಎಣಿಸಿ. ತಂತಿ ಬೇಗ ಬಿಸಿಯಾಗುತ್ತದೆ, ಕೆಲವೇ ಕ್ಷಣಗಳಲ್ಲಿ ಬಿಡಿಸಿ. ಮನೆಯ ಪ್ಲಗ್ಗಿಗಾಗಲಿ ವಾಹನದ ಬ್ಯಾಟರಿಗಾಗಲಿ ಎಂದೂ ಜೋಡಿಸಬೇಡಿ.

ಕಂಡದ್ದನ್ನು ತಾರೀಖು ಹಾಕಿ ಅಂದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಜೆ ಬರಲಿ ಎಂದು ಕಾಯಬೇಡಿ!